ಮಗನ ವಾಚ್ 'ಸ್ಟ್ರೆಸ್ ಜಾಸ್ತಿ' ಅನ್ನುತ್ತಿದೆ, ನಂಬಬಹುದಾ?

ಮೂಡಿಗೆರೆ ಅಮ್ಮ:
ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಎರಡನೇ ಪಿಯುಸಿ ಓದುತ್ತಿದ್ದಾನೆ. ದೀಪಾವಳಿಗೆ ಅವನ ಮಾವ ಸ್ಮಾರ್ಟ್‌ವಾಚ್ ಕೊಡಿಸಿದರು. ಅದರ ಆ್ಯಪ್ ನನ್ನ ಫೋನಿನಲ್ಲೂ ಇದೆ. ರಾತ್ರಿ ನಾಲ್ಕು ಗಂಟೆ ನಿದ್ದೆ, ಸ್ಟ್ರೆಸ್ ಜಾಸ್ತಿ ಅಂತ ತೋರಿಸುತ್ತದೆ. ಕೇಳಿದರೆ "ಚೆನ್ನಾಗಿದ್ದೀನಮ್ಮ" ಅಂದು ಫೋನ್ ಇಡುತ್ತಾನೆ. ಶಟಲ್ ಅಂದರೆ ಪ್ರಾಣ ಬಿಡುತ್ತಿದ್ದವನು ಈಗ ಬ್ಯಾಟ್ ಮುಟ್ಟುತ್ತಿಲ್ಲ. ಈ ವಾಚ್ ನಂಬಬಹುದಾ? ಬೇರೆ ಒಳ್ಳೆಯ ಆ್ಯಪ್ ಇದೆಯಾ?

ಹಾಸನ ಹುಡುಗಿ:
ಆಂಟಿ, ನಾನು ಇಂಜಿನಿಯರಿಂಗ್ ಓದುತ್ತಿದ್ದೇನೆ. ನನಗೂ ವಾಚ್ ಇತ್ತು. ಎದ್ದ ತಕ್ಷಣ ಸ್ಕೋರ್ ನೋಡುವುದು, ಕಮ್ಮಿ ಇದ್ದರೆ ದಿನವಿಡೀ ಸುಸ್ತು ಅನಿಸುವುದು. ಅದಕ್ಕಿಂತ ರಾತ್ರಿ ಫೋನಿನಲ್ಲೇ ಎರಡು ಸಾಲು ಬರೆದಿಡುವುದು ನನಗೆ ಉಪಯೋಗವಾಯಿತು. ಡಾಕ್ಟರ್ ಅದನ್ನೇ ಓದಿದರು. ಅವನ ನಿದ್ದೆಯನ್ನು ನೀವು ಊರಿಂದ ನೋಡುತ್ತಿದ್ದೀರಿ ಅಂತ ಅವನಿಗೆ ಗೊತ್ತಾ?

ಸಕಲೇಶಪುರದ ಆಪ್ತಸಮಾಲೋಚಕಿ:
ಅಕ್ಕ, ಈ ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ.

ವಾಚಿನ ಹಿಂದೆ ಹಸಿರು ಬೆಳಕು ಮಿನುಗುತ್ತದಲ್ವಾ, ಅದು ಚರ್ಮದಡಿಯ ರಕ್ತದ ಹರಿವು ನೋಡಿ ಎದೆಬಡಿತ ಎಣಿಸುತ್ತದೆ. ಕೈ ಎಷ್ಟು ಅಲ್ಲಾಡಿತು ಅನ್ನುವುದನ್ನೂ ಸೇರಿಸಿ ನಿದ್ದೆಯನ್ನು ಅಂದಾಜು ಮಾಡುತ್ತದೆ. ಅಲ್ಲಾಡದೆ ಮಲಗಿ ಸೂರು ನೋಡುತ್ತಿದ್ದರೂ ನಿದ್ದೆ ಅಂತ ಬರೆದುಕೊಳ್ಳಬಹುದು. ಸ್ಟ್ರೆಸ್ ಅನ್ನುವುದು ಬಡಿತಗಳ ನಡುವಿನ ಅಂತರದಿಂದ ಬರುವ ಲೆಕ್ಕ. ಜ್ವರ, ಜಾಸ್ತಿ ಕಾಫಿ, ಮೆಟ್ಟಿಲು ಹತ್ತಿದ್ದು, ಏನಿದ್ದರೂ ಅದು ಏರಬಹುದು. ಖಿನ್ನತೆ ಇದೆಯೋ ಇಲ್ಲವೋ ಅದು ಹೇಳಲಾರದು. ಒಂದು ರಾತ್ರಿಯ ಅಂಕಿ ಬಿಡಿ. ಎರಡು ಮೂರು ವಾರ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಲು ಒಳ್ಳೆಯದು.

ನನ್ನನ್ನು ಹೆದರಿಸಿದ್ದು ವಾಚ್ ಅಲ್ಲ, ಆಟ ಬಿಟ್ಟಿದ್ದು. ನಾವು ಮೊದಲು ಕೇಳುವುದೇ ಅದನ್ನು.

ಆ್ಯಪನ್ನು ನಿಮ್ಮ ಫೋನಿಂದ ತೆಗೆಯಿರಿ. ತೆಗೆದೆ ಅಂತ ಅವನಿಗೆ ಹೇಳಿ. ಯಾರೋ ಕಾವಲು ಕಾಯುತ್ತಿದ್ದಾರೆ ಅನಿಸಿದರೆ ಮಕ್ಕಳು ವಾಚ್ ಬಿಚ್ಚಿಡುತ್ತಾರೆ, ಮಾತೂ ನಿಲ್ಲಿಸುತ್ತಾರೆ. ಎದುರು ಕೂತು ಕೇಳಿ. "ಬದುಕೇ ಬೇಡ ಅನಿಸುತ್ತದಾ" ಅಂತಲೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾಸನದಲ್ಲೇ ಹಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ.

ಹೊಸ ಆ್ಯಪ್ ಬದಲು 14416 ಬರೆದುಕೊಡಿ. ಅದು ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನ್ ಸಾಕು. ನಮ್ಮ ಮಲೆನಾಡಿನ ನೆಟ್‌ವರ್ಕಿಗೆ ಇದೇ ವಾಸಿ.

ಮೂಡಿಗೆರೆ ಅಮ್ಮ:
ಆ್ಯಪ್ ತೆಗೆದೆ. ಭಾನುವಾರ ಹಾಸನಕ್ಕೆ ಹೋಗುತ್ತೇನೆ. ಅವನು ಒಪ್ಪದಿದ್ದರೆ ಆ ನಂಬರಿಗೆ ನಾನೇ ಮಾಡಬಹುದಾ?

ಸಕಲೇಶಪುರದ ಆಪ್ತಸಮಾಲೋಚಕಿ:
ಧಾರಾಳವಾಗಿ ಮಾಡಿ ಅಕ್ಕ. ಭಾನುವಾರದವರೆಗೂ ಕಾಯಬೇಡಿ, ಇವತ್ತೇ ಮಾಡಿ. ಎಷ್ಟು ದಿನದಿಂದ ಹೀಗಿದ್ದಾನೆ, ಊಟ ಹೇಗೆ, ಕ್ಲಾಸಿಗೆ ಹೋಗುತ್ತಾನಾ ಅಂತ ಅಲ್ಲಿಯವರು ಕೇಳಬಹುದು. ಗೊತ್ತಿದ್ದಷ್ಟು ಹೇಳಿ.