‘ರಿವರ್ಸ್ ಎಂಜಿನಿಯರಿಂಗ್’ಗೆ ಒಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ಹುಡುಗರಿಗೆಂದು ಕನ್ನಡದಲ್ಲೊಂದು ಪಾಠ ಬರೆಯುತ್ತಿದ್ದೇನೆ. ‘ರಿವರ್ಸ್ ಎಂಜಿನಿಯರಿಂಗ್’ (ತಯಾರಾದ ವಸ್ತುವನ್ನು ಬಿಚ್ಚಿ ಪರೀಕ್ಷಿಸಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವುದು) ಬಂದಲ್ಲೆಲ್ಲ ವಾಕ್ಯ ಮುಗ್ಗರಿಸುತ್ತಿದೆ.

‘ಹಿಮ್ಮುಖ ತಂತ್ರಜ್ಞಾನ’ ಎಂದರೆ ಹಿಂದುಳಿದ ತಂತ್ರಜ್ಞಾನ ಎಂದು ಕೇಳಿಸುತ್ತದೆ. ‘ವಿಲೋಮ’ ನೇರ ಗಣಿತದ ಅನುಪಾತಕ್ಕೆ ಎಳೆದೊಯ್ಯುತ್ತದೆ. ‘ಮಾಡು’ ಅಂಟಿಸದೆ ಎರಡೂ ಕ್ರಿಯಾಪದವಾಗವು.

ನಮ್ಮ ಬಿ.ಎಚ್. ರಸ್ತೆಯ ಕಡೆ ಟಿವಿ ರಿಪೇರಿಯವರನ್ನು ಕೇಳಿದೆ. ಸರ್ಕ್ಯೂಟ್ ಡಯಾಗ್ರಾಂ ಸಿಗದ ಬೋರ್ಡು ಬಂದರೆ ಮಲ್ಟಿಮೀಟರನ್ನು ಬೀಪ್‌ಗೆ (ಎರಡು ಬಿಂದುಗಳ ನಡುವೆ ಸಂಪರ್ಕವಿದ್ದರೆ ಸದ್ದು ಮಾಡುವಂತೆ) ಇಟ್ಟು, ಯಾವ ಕಾಲು (ಪಿನ್) ಎಲ್ಲಿಗೆ ಹೋಗಿದೆ ಎಂದು ಹುಡುಕಿ ಹಾಳೆಯ ಮೇಲೆ ಗೆರೆ ಎಳೆದುಕೊಳ್ಳುತ್ತಾರೆ. ಐಸಿಯ (ಚಿಪ್‌ನ) ನಂಬರನ್ನು ತಯಾರಿಸಿದವರೇ ಉಜ್ಜಿ ಅಳಿಸಿದ್ದರೆ, ಸಪ್ಲೈ ಯಾವ ಕಾಲಿಗೆ, ಗ್ರೌಂಡ್ ಯಾವುದಕ್ಕೆ ಎಂದು ನೋಡಿಯೇ ಅದು ಯಾವುದಿರಬಹುದು ಎಂದು ಅಂದಾಜು ಮಾಡುತ್ತಾರೆ. ‘ಟ್ರೇಸ್ ಮಾಡ್ತಾ ಇದೀನಿ ಸಾರ್’ ಎನ್ನುವುದೇ ಅವರ ಮಾತು. ತಾಮ್ರದ ಗೆರೆಗೆ ಅದು ಸಾಕು, ಸಾಫ್ಟ್‌ವೇರಿಗೆ ಒಗ್ಗದು.

‘ನಕಲಿಳಿಸು’ ಎಂದುಬಿಡಿ ಎಂದರು ಒಬ್ಬರು. ಅದನ್ನಂತೂ ಒಪ್ಪಲಾರೆ. ಐಬಿಎಂ ತನ್ನ ಪಿಸಿಯ ಬಯಾಸ್ ಪ್ರೋಗ್ರಾಮನ್ನು (ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಮು) ಕೈಪಿಡಿಯಲ್ಲೇ ಅಚ್ಚು ಹಾಕಿತ್ತು. ನಕಲಿಳಿಸಿದ್ದರೆ ಹಕ್ಕುಸ್ವಾಮ್ಯದ ಕೇಸು ಖಚಿತ. ಅದಕ್ಕೇ, ಐಬಿಎಂ ಪಿಸಿಗೆ ಹೊಂದುವ ಕಂಪ್ಯೂಟರ್ ಮಾಡಹೊರಟ ಕಾಂಪ್ಯಾಕ್ ಕಂಪನಿ ಎರಡು ತಂಡ ಮಾಡಿತು: ಒಂದು ತಂಡ ಬಯಾಸ್ ಏನೇನು ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು, ಮೂಲವನ್ನು ಕಣ್ಣಲ್ಲೂ ನೋಡದ ಇನ್ನೊಂದು ತಂಡ ಹೊಸದಾಗಿ ಬರೆಯಿತು. 1982ರ ಕೊನೆಗೆ ಪ್ರಕಟವಾದ ಅದರ ಪೋರ್ಟಬಲ್ ಕಂಪ್ಯೂಟರಿನ ಹಿಂದಿದ್ದುದು ಈ ಕೆಲಸ. ನಮ್ಮ ಕಾನೂನಿಗೂ ಈ ಭೇದ ಗೊತ್ತು. ಚಿಪ್‌ಗಳ ವಿನ್ಯಾಸ ಕುರಿತ 2000ದ ಕಾಯ್ದೆ ಸಂಶೋಧನೆಗೆ, ಬೋಧನೆಗೆ ವಿನ್ಯಾಸವನ್ನು ಬಳಸಿ ವಿಶ್ಲೇಷಿಸಲು ಅವಕಾಶ ಕೊಡುತ್ತದೆ.

ನನಗೆ ಹೊಳೆದದ್ದು ‘ಬಗೆ’. ಅಗೆದು ಸೀಳುವುದೂ ಬಗೆಯುವುದೇ, ಯೋಚಿಸುವುದೂ ಬಗೆಯುವುದೇ. ಇಲ್ಲಿ ಎರಡೂ ಬೇಕು. ಅದಕ್ಕೆ ತಿಳಿಯುವ ಅರ್ಥದ ‘ಅರಿ’ ಸೇರಿಸಿ, ‘ಕಾಂಪ್ಯಾಕ್ ಐಬಿಎಂನ ಬಯಾಸನ್ನು ಬಗೆದರಿಯಿತು’ ಎಂದು ಬರೆದು ನೋಡಿದೆ. (ಶಾಸ್ತ್ರ ಎಂಬರ್ಥದ ‘ಅರಿಮೆ’ ಸೇರಿಸಿ ಉದ್ದದ ಪದ ಕಟ್ಟುವ ಗೆಳೆಯರು ಸ್ವಲ್ಪ ತಡೆಯಿರಿ, ಮೊದಲು ಕ್ರಿಯಾಪದ ಗಟ್ಟಿಯಾಗಲಿ.) ಅಳುಕು ಒಂದೇ: ‘ದ್ರೋಹ ಬಗೆದ’, ‘ಎರಡು ಬಗೆದ’ ನಮ್ಮ ನಾಲಗೆಯಲ್ಲಿ ಕೂತಿವೆ. ಕಳ್ಳತನದ ನೆರಳು ಬೇಡವೆಂದು ಹುಡುಕಿದ ಪದಕ್ಕೆ ದ್ರೋಹದ ವಾಸನೆ ಹೊಡೆಯುತ್ತದೆಯೇ? ‘ಅರಿ’ ಜೊತೆಗಿರುವುದರಿಂದ ಅದು ಮಾಸುತ್ತದೆ ಎಂಬುದು ನನ್ನ ಎಣಿಕೆ.

ಓದಿದಾಕ್ಷಣ ನಿಮಗೆ ಯಾವ ಅರ್ಥ ಮೊದಲು ಬಂತು, ತಿಳಿಸಿ. ಕೋಲಾರದ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ, ಬೇರೆಯವರ ಸಾಮಾನನ್ನು ಬಿಚ್ಚಿ ಪರೀಕ್ಷಿಸುವುದಕ್ಕೆ ಲೈನಿನಲ್ಲಿ ಏನೆನ್ನುತ್ತೀರಿ?