ತಿನ್ನುವ ಸೀವೀಡ್‌ಗೆ ಏನನ್ನೋಣ? ‘ಕ್ಯಾನ್ಸರ್ ನಿರೋಧಕ’ ಸರಿಯೇ?

ಗೆಳೆಯರೇ,

ಮೂಡಿಗೆರೆ ಕಡೆಯ ಓದುಗರಿಗೆ ಅಂತ ತಿನ್ನುವ ಸೀವೀಡ್ ಬಗ್ಗೆ ಒಂದು ಆರೋಗ್ಯ ಬರಹ ಸಿದ್ಧ ಮಾಡುತ್ತಿದ್ದೇನೆ. ಕೆಲವು ಪದಗಳು ಕೈಗೆ ಸಿಗುತ್ತಿಲ್ಲ.

ಮೊದಲು ಹೆಸರು. ‘ಕಡಲಕಳೆ’ ಅಂತ ಬರೆಯುವವರಿದ್ದಾರೆ. ಕಳೆ ಅಂದರೆ ನಮ್ಮಲ್ಲಿ ತೋಟದಿಂದ ಕಿತ್ತು ಎಸೆಯುವಂಥದ್ದು, ಅದನ್ನು ತಿನ್ನಿ ಅಂದರೆ ಯಾರು ಕೇಳುತ್ತಾರೆ? ‘ಕಡಲ ಪಾಚಿ’ ವಿಜ್ಞಾನಕ್ಕೆ ಸರಿ, ಆದರೆ ಮಳೆಗಾಲದಲ್ಲಿ ಅಂಗಳದಲ್ಲಿ ಕಾಲು ಜಾರಿಸುವುದೂ ಪಾಚಿಯೇ. ಸುಮ್ನೆ ‘ಸೀವೀಡ್’ ಅಂತಲೇ ಇಡೋಣ ಅಂದರೆ, ಕಾಫಿ, ಮೆಣಸಿಗೆ ಹೊಡೆಯುವ ಔಷಧಿ ಕ್ಯಾನಿನ ಮೇಲೂ ಅದೇ ಹೆಸರು. ಕರಡು ಓದಿದ ಪಕ್ಕದ ತೋಟದ ಅಣ್ಣ, “ಇದು ತಿನ್ನೋದಾ, ಸ್ಪ್ರೇ ಮಾಡೋದಾ?” ಅಂದರು. ನನಗೆ ‘ಕಡಲ ಸೊಪ್ಪು’ ಹಿಡಿಸಿದೆ. ಕರಾವಳಿಯವರು ಏನನ್ನುತ್ತೀರಿ? (ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಕೂಡ ಕೆಂಪು ಕಡಲ ಪಾಚಿಯಿಂದ ಬಂದದ್ದೇ. ಅದನ್ನು ಹುಲ್ಲು ಮಾಡಿ ಕೂರಿಸಿದ್ದೇವೆ!)

ನಿಜವಾದ ಕಷ್ಟ ಮುಂದಿದೆ. ವಾಕಾಮೆ, ಕೊಂಬು (kombu) ಮುಂತಾದ ಕಂದು ಕಡಲ ಪಾಚಿಗಳಲ್ಲಿ ಫ್ಯುಕೊಯ್ಡಾನ್ ಅನ್ನುವ ಅಂಶವಿದೆ. ಲ್ಯಾಬಿನ ತಟ್ಟೆಯಲ್ಲಿ ಅದು ಕ್ಯಾನ್ಸರ್ ಕೋಶಗಳನ್ನು ಸಾಯಿಸಿದೆ, ಇಲಿಗಳಲ್ಲಿ ಗಡ್ಡೆ ಬೆಳೆಯುವುದನ್ನು ನಿಧಾನ ಮಾಡಿದ್ದೂ ಉಂಟು. ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಯಾಗುತ್ತದೆ ಅಂತ ಸಾಬೀತಾಗಿಲ್ಲ. ಇದನ್ನು ‘ಕ್ಯಾನ್ಸರ್ ನಿರೋಧಕ’ ಅಂದರೆ ಓದಿದವರು ‘ತಿಂದರೆ ಕ್ಯಾನ್ಸರ್ ಬರಲ್ಲ’ ಅಂದುಕೊಳ್ಳುತ್ತಾರೆ, ಅಲ್ವಾ? ‘ಕ್ಯಾನ್ಸರ್ ವಿರೋಧಿ’ ಅಂದರೆ ಯಾವುದೋ ಸಂಘದ ಹೆಸರಿನ ಹಾಗಿದೆ.

‘ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ’ ಅನ್ನುವುದನ್ನಂತೂ ಕೊರೊನಾ ಕಾಲದಲ್ಲಿ ಕಷಾಯದಿಂದ ಹಿಡಿದು ಎಲ್ಲದಕ್ಕೂ ಅಂಟಿಸಿ ಸವೆಸಿದ್ದಾಯಿತು. ರುಮಟಾಯ್ಡ್ ಸಂಧಿವಾತದವರಲ್ಲಿ ಅದೇ ಶಕ್ತಿ ಸ್ವಂತ ಕೀಲುಗಳ ಮೇಲೆ ತಿರುಗಿಬಿದ್ದಿರುತ್ತದೆ. ಅವರಿಗೆ ‘ಹೆಚ್ಚಿಸುತ್ತದೆ’ ಅನ್ನುವುದು ಒಳ್ಳೆ ಸುದ್ದಿಯೇನಲ್ಲ. ಫ್ಯುಕೊಯ್ಡಾನ್ ಬಗ್ಗೆ ನಾನು ‘ಲ್ಯಾಬಿನಲ್ಲಿ ಕೆಲವು ಬಿಳಿ ರಕ್ತಕಣಗಳನ್ನು ಚುರುಕು ಮಾಡಿದೆ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ.

ಅಯೋಡಿನ್ ವಿಷಯಕ್ಕೆ ಪದದ ತಕರಾರಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು, ಒಂದು ಗ್ರಾಂ ಒಣ ಕೊಂಬುವಿನಲ್ಲೇ ಅದರ 10 ಪಟ್ಟು ಇರಬಹುದು. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ತಿನ್ನಬೇಕು ಅಂತ ನೇರವಾಗಿ ಹಾಕಿದ್ದೇನೆ.

ಕೊನೆಗೆ ಉಳಿದದ್ದು ‘ಬಹುದು’. ‘ಗಡ್ಡೆ ಬೆಳೆಯುವುದನ್ನು ತಡೆಯಬಹುದು’ ಅಂದರೆ ‘ತಡೆಯಲು ಆಗುತ್ತದೆ’ ಅಂತಲೂ ಆಗುತ್ತದೆ, ‘ತಡೆದರೂ ತಡೆದೀತು’ ಅಂತಲೂ ಆಗುತ್ತದೆ. ನನಗೆ ಬೇಕಾದದ್ದು ಎರಡನೆಯದು ಮಾತ್ರ. ‘ಸಂಭಾವ್ಯ’ ಯಾರ ಬಾಯಲ್ಲೂ ಇಲ್ಲ. ‘ತಡೆದೀತು’ ಅಂತ ಬರೆದರೆ ಇವತ್ತಿನ ಓದುಗರಿಗೆ ಹಳೆಯದೆನಿಸುತ್ತದೆಯೇ, ನಡೆಯುತ್ತದೆಯೇ?