ರಾಮಣ್ಣ ರೈ, ರಾಮ ರೈ: ಇಬ್ಬರೂ ಒಂದೇ ಜನವಾ?

ಪೆರ್ಲದವ:
ಕಾಸರಗೋಡಿನ ಹಳೇ ಎಂಪಿಗಳ ಬಗ್ಗೆ ಒಂದು ಡೌಟು. ಕೆಲವರು ರಾಮಣ್ಣ ರೈ ಅಂತಾರೆ, ಕೆಲವರು ರಾಮ ರೈ ಅಂತಾರೆ. ಒಂದು ಕಡೆ ಸಿಪಿಎಂ ಅಂತ ಉಂಟು, ಇನ್ನೊಂದು ಕಡೆ ಕಾಂಗ್ರೆಸ್. ಪಾರ್ಟಿ ಬಿಟ್ಟು ಪಾರ್ಟಿ ಸೇರಿದ್ರಾ? ಮತ್ತೆ ಕನ್ನಡದವರು ಇಲ್ಲಿಂದ ಡೆಲ್ಲಿಗೆ ಹೋದದ್ದಾದರೂ ಹೇಗೆ?

ಚಂದ್ರಗಿರಿ ದಡ:
ಬೇರೆ ಬೇರೆ ಜನ ಮಾರಾಯ್ರೇ. ಎಂ. ರಾಮಣ್ಣ ರೈ ಸಿಪಿಎಂನವರು, 1980, 1989, 1991, ಮೂರು ಸಲ ಗೆದ್ದವರು. ನಡುವೆ 1984ರಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ಐ. ರಾಮ ರೈ. ಅದು ಇಂದಿರಾ ಗಾಂಧಿ ಹತ್ಯೆಯ ಬೆನ್ನಿಗೇ ಬಂದ ಚುನಾವಣೆ, ಕೇರಳದ 20 ಸೀಟಲ್ಲಿ ಸಿಪಿಎಂಗೆ ಸಿಕ್ಕಿದ್ದು ಕೋಟ್ಟಯಂ ಒಂದೇ, ಹಾಗಾಗಿ ಆ ಗಾಳಿಗೆ ಕಾಸರಗೋಡೂ ಹೋಯಿತು. ನನಗೆ ಆಶ್ಚರ್ಯ ಆಗುವುದು 1991ರದ್ದು. ರಾಜೀವ್ ಗಾಂಧಿ ಹತ್ಯೆಯಾದ ವರ್ಷ, ಆಗಲೂ ರಾಮಣ್ಣ ರೈ ಸೀಟು ಬಿಟ್ಟುಕೊಡಲಿಲ್ಲ. 1980ರಲ್ಲಿ ಅವರ ಎದುರು ಸೋತದ್ದು ಯಾರು ಗೊತ್ತುಂಟಾ? ಓ. ರಾಜಗೋಪಾಲ್! ಮುಂದೆ ವಾಜಪೇಯಿ ಸರಕಾರದಲ್ಲಿ ರೈಲ್ವೆ ರಾಜ್ಯ ಸಚಿವರಾದವರು.

ಕುಂಬಳೆ ಪೇಟೆ:
ಕನ್ನಡದವರು ಅಂತ ಗೆದ್ದದ್ದು ಅಂದ್ರೆ ನಾನು ಒಪ್ಪುವುದಿಲ್ಲ. ನಮ್ಮ ಲೋಕಸಭಾ ಕ್ಷೇತ್ರ ಮಂಜೇಶ್ವರದಲ್ಲಿ ಶುರುವಾಗಿ ಕಣ್ಣೂರು ಜಿಲ್ಲೆಯ ಪಯ್ಯನ್ನೂರು ದಾಟಿ ಕಲ್ಯಾಶ್ಶೇರಿ ತನಕ ಹೋಗುತ್ತದೆ. ತೃಕ್ಕರಿಪುರ, ಪಯ್ಯನ್ನೂರು ಕಡೆಯ ಕೆಂಪು ವೋಟು ಇಲ್ಲದೆ ಸಿಪಿಎಂನವರು ಯಾರೂ ಇಲ್ಲಿ ಗೆಲ್ಲುವುದಿಲ್ಲ. ಕಮ್ಯುನಿಸ್ಟ್ ನಾಯಕ ಎಕೆಜಿ (ಎ.ಕೆ. ಗೋಪಾಲನ್) 1957, 1962, 1967ರಲ್ಲಿ ಗೆದ್ದದ್ದು ಇಲ್ಲಿಂದಲೇ. ಆದರೆ 1971ರಲ್ಲಿ ಕಾಂಗ್ರೆಸ್ಸಿನ ಕಡನ್ನಪ್ಪಳ್ಳಿ ರಾಮಚಂದ್ರನ್, ಆಗ ಇನ್ನೂ ಚಿಕ್ಕ ಹುಡುಗ, ಮುಂದೆ ಕೇರಳದ ಮುಖ್ಯಮಂತ್ರಿಯಾದ ಸಿಪಿಎಂನ ಇ.ಕೆ. ನಾಯನಾರ್ ಅವರನ್ನೇ ಸೋಲಿಸಿದರು, 1977ರಲ್ಲಿ ಮತ್ತೆ ಗೆದ್ದರು. ಎರಡು ಸಲ ಪೆಟ್ಟು ತಿಂದ ಮೇಲೆ ಬಡಗಿನ ಕನ್ನಡದವರ ನಾಲ್ಕು ವೋಟು ಸಹ ಬೇಕು ಅಂತ ಸಿಪಿಎಂಗೆ ಅನಿಸಿರಬೇಕು. ಇದು ನನ್ನ ಅಂದಾಜು, ಜಗಳಕ್ಕೆ ಬರಬೇಡಿ.

ಚಂದ್ರಗಿರಿ ದಡ:
ಜಗಳ ಎಂತಕ್ಕೆ, ಲೆಕ್ಕಾಚಾರ ಇದ್ದೇ ಇರುತ್ತದೆ. ಆದರೆ ಎಡ, ಬಲ ಎರಡೂ ಪಾರ್ಟಿ ರೈಗಳನ್ನು ಗೆಲ್ಲಿಸಿ ಕಳಿಸಿದ್ದು ಸುಮ್ನೆ ಅಲ್ಲ, 1980ರಿಂದ 1996ರ ತನಕ 16 ವರ್ಷ ಅಲ್ವಾ! ಆಮೇಲೆ ಟಿ. ಗೋವಿಂದನ್ ಮೂರು ಸಲ, ಪಿ. ಕರುಣಾಕರನ್ ಮೂರು ಸಲ, 2019ರಿಂದ ರಾಜಮೋಹನ್ ಉಣ್ಣಿತ್ತಾನ್. ಬಿಜೆಪಿ 2019ರಲ್ಲಿ ರವೀಶ ತಂತ್ರಿ ಕುಂಟಾರು, 2024ರಲ್ಲಿ ಎಂ.ಎಲ್. ಅಶ್ವಿನಿ ಅವರನ್ನು ನಿಲ್ಲಿಸಿತು, ಎರಡು ಸಲವೂ ಮೂರನೇ ಸ್ಥಾನ. ಈಗ ಕನ್ನಡ ಕೇಳಿಸುವುದು ವಿಧಾನಸಭೆಯಲ್ಲಿ. 2021ರಲ್ಲಿ ಮಂಜೇಶ್ವರದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರಲ್ಲ.

ಪೆರ್ಲದವ:
ಇಷ್ಟೆಲ್ಲ ಗೊತ್ತೇ ಇರಲಿಲ್ಲ. ರಾಮಣ್ಣ ರೈ ಪಾರ್ಲಿಮೆಂಟಲ್ಲಿ ಏನು ಮಾತಾಡಿದ್ದರು ಅಂತ ಓದಲಿಕ್ಕೆ ಸಿಗುತ್ತದಾ?

ಕುಂಬಳೆ ಪೇಟೆ:
ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿಯಲ್ಲಿ ಹಳೇ ಚರ್ಚೆಗಳು ಪಿಡಿಎಫ್ ಆಗಿ ಉಂಟು. 7, 9, 10ನೇ ಲೋಕಸಭೆ ಹಾಕಿ ಹುಡುಕಿ. ಪುಟ ಜಾಸ್ತಿ, ಸ್ವಲ್ಪ ತಾಳ್ಮೆ ಬೇಕು. ಸಿಕ್ಕಿದ್ದನ್ನು ಇಲ್ಲಿ ಹಾಕಿ, ನಾವೂ ಓದುತ್ತೇವೆ.